ಮಾಂಸದ ಕತ್ತಿಗೆ ಹಿಡಿ ಕೂರಿಸಿ ಸಂದು ಮುಚ್ಚುವುದು ಹೇಗೆ?

ಕಾಫಿತೋಟ:
ನಮ್ಮದು ಸೋಮವಾರಪೇಟೆ ಕಡೆ. ಹಂದಿ ಮಾಂಸ ಮಾಡಲು ಕುಲುಮೆಯಲ್ಲಿ ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಎರಡು ಕತ್ತಿ ಹೊಡೆಸಿದ್ದೇನೆ. ಒಂದು ತೆಳುವಾದ್ದು, ಇನ್ನೊಂದು ಎಲುಬು ಕಡಿಯಲು ದಪ್ಪದ್ದು. ಅಲಗು ಚೆನ್ನಾಗಿ ಬಂದಿದೆ, ಹಿಡಿ ನಾನೇ ಹಾಕಬೇಕು. ಹಳೇ ಬಾಗಿಲಿನ ಬೀಟೆ ತುಂಡು ಮನೆಯಲ್ಲಿದೆ. ಈಗಿರುವ ಕತ್ತಿಯಲ್ಲಿ ಮರಕ್ಕೂ ಕಬ್ಬಿಣಕ್ಕೂ ನಡುವೆ ಸಂದು ಬಿಟ್ಟು, ರಕ್ತ, ಕೊಬ್ಬು ಎಲ್ಲ ಒಳಗಿಳಿದು, ಎಷ್ಟು ತೊಳೆದರೂ ವಾಸನೆ ಹೋಗುತ್ತಿಲ್ಲ. ಹೊಸದಕ್ಕೆ ಹಾಗಾಗಬಾರದು. ಬರೀ ಅರಾಲ್ಡೈಟ್ ಅಂಟು ಸಾಕಾ, ರಿವೆಟ್ (ತೂತಿಗೆ ತೂರಿಸಿ ಎರಡೂ ತುದಿ ತಟ್ಟುವ ಕಡ್ಡಿ) ಬೇಕೇ ಬೇಕಾ? ಮೇಲೆ ಏನು ಹಚ್ಚಬೇಕು? ಅಪ್ಪ ಕೊಬ್ಬರಿ ಎಣ್ಣೆ ಸಾಕು ಅಂತಾರೆ.

ಉಳಿಸುತ್ತಿಗೆ:
ಎರಡೂ ಬೇಕು ಸರ್. ಹಿಡಿಯನ್ನು ಬಿಗಿಯಾಗಿ ಹಿಡಿದಿಡುವುದು ರಿವೆಟ್, ನೀರು ಒಳಗೆ ಹೋಗದಂತೆ ತಡೆಯುವುದು ಅಂಟು.

ಬೀಟೆ ಒಳ್ಳೆ ಮರ, ಆದರೆ ಅದರಲ್ಲಿ ಎಣ್ಣೆ ಅಂಶ ಜಾಸ್ತಿ. ಸುಮ್ನೆ ಅಂಟು ಹಚ್ಚಿದರೆ ಕೆಲವು ತಿಂಗಳಿಗೆ ಬಿಟ್ಟುಕೊಳ್ಳುತ್ತದೆ. ಅಂಟು ಕೂರುವ ಮುಖವನ್ನು 80 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ, ಅಂಟು ಹಚ್ಚುವುದಕ್ಕೆ ಸ್ವಲ್ಪ ಮುಂಚೆ ಜಿಡ್ಡು ತೆಗೆಯುವ ಅಸಿಟೋನ್‌ನಲ್ಲಿ ಒರೆಸಿ. ಕಬ್ಬಿಣವನ್ನೂ ಹಾಗೇ ಉಜ್ಜಿ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ.

ಅಲಗಿನ ಕಡೆಗೆ ಬರುವ ಹಿಡಿಯ ತುದಿಯನ್ನು ಅಂಟಿಸುವ ಮೊದಲೇ ಪೂರ್ತಿ ನಯ ಮಾಡಿಟ್ಟುಕೊಳ್ಳಿ. ಅಂಟಿಸಿದ ಮೇಲೆ ಅಲ್ಲಿ ಉಜ್ಜಲು ಹೋದರೆ ಅಲಗಿಗೆ ಗೀರು ಬೀಳುತ್ತದೆ, ಉಜ್ಜದೆ ಬಿಟ್ಟರೆ ಕೊಳೆ ಕೂರುವ ಜಾಗ ಅದೇ.

ಐದು ನಿಮಿಷದ ಅಂಟು ಬೇಡ. ನಿಧಾನವಾಗಿ ಒಣಗುವುದನ್ನೇ ತಗೊಂಡು 24 ಗಂಟೆ ಬಿಡಿ. ಕ್ಲಾಂಪ್ ವಿಪರೀತ ಬಿಗಿಯಬೇಡಿ, ಅಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ. ಹೊರಬಂದ ಅಂಟನ್ನು ಹಸಿ ಇರುವಾಗಲೇ ಒರೆಸಿಬಿಡಿ. ರಿವೆಟ್‌ಗೆ ಹಾಕುವ ಹಿತ್ತಾಳೆ ಕಡ್ಡಿಗೂ ಅಂಟು ಬಳಿದು ತೂತಿಗೆ ಇಳಿಸಿ, ಎರಡೂ ಬದಿ ಗುಂಡುತಲೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಜೋರಾಗಿ ಹೊಡೆದರೆ ಮರ ಸೀಳುತ್ತದೆ.

ಕೊಬ್ಬರಿ ಎಣ್ಣೆ ಒಣಗುವುದೇ ಇಲ್ಲ, ಮರದಲ್ಲಿ ಜಿಡ್ಡಾಗಿಯೇ ಇರುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮಿಕ್ಕಿದ್ದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಇನ್ನೊಂದು ಪದರ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ, ಇಲ್ಲಾ ನೀರಿನಲ್ಲಿ ನೆನೆಹಾಕಿ.

ಹಳೆಕುಲುಮೆ:
ಹಿಡಿಯೊಳಗೆ ಮೊನೆ (ಅಲಗಿನ ಹಿಂದಿನ ಚೂಪು ಬಾಲ) ಇಳಿಯುವ ಕತ್ತಿಯಾದರೆ ಅರಗನ್ನು ಮರೆಯಬೇಡಿ. ಅರಗಿನ ಪುಡಿಗೆ ನುಣ್ಣನೆ ಇಟ್ಟಿಗೆ ಪುಡಿ ಬೆರೆಸಿ ತೂತಿಗೆ ತುಂಬಿ, ಮೊನೆ ಕಾಯಿಸಿ ಒತ್ತಿದರೆ ಅರಗು ಕರಗಿ ಎಲ್ಲ ಸಂದಿಗೂ ಹರಿಯುತ್ತದೆ. ಕಾಯಿಸುವಾಗ ಅಲಗಿಗೆ ಒದ್ದೆ ಬಟ್ಟೆ ಸುತ್ತಲೇಬೇಕು. ಅಲಗಿನ ಬಾಯಿಯ ಕಡೆ ಬಣ್ಣ ನೀಲಿಗೆ ತಿರುಗಿತು ಅಂದರೆ ಗಡಸು ಹದ ಹೋಯಿತು ಅಂತಲೇ. ಹಿಡಿ ಒಡೆದ ದಿನ ಮತ್ತೆ ಕಾಯಿಸಿ ಬಿಡಿಸಿ ಹೊಸದು ಹಾಕಬಹುದು, ಅರಾಲ್ಡೈಟಿನಲ್ಲಿ ಈ ಅನುಕೂಲ ಇಷ್ಟಿಲ್ಲ. ಹಿಡಿಯ ಬಾಯಿಗೆ ಹಿತ್ತಾಳೆ ಬಳೆ ಹಾಕಿ, ಮರ ಸೀಳುವುದಿಲ್ಲ.

ಕಾಫಿತೋಟ:
ತುಂಬಾ ಉಪಕಾರ ಆಯ್ತು ಇಬ್ಬರಿಂದಲೂ. ತೆಳು ಕತ್ತಿಯದು ಚಪ್ಪಟೆ ಬಾಲ, ಅದಕ್ಕೆ ರಿವೆಟ್ ಹಾಕುತ್ತೇನೆ. ದಪ್ಪದ್ದು ಮೊನೆ ಇಳಿಯುವುದೇ. ಎಲುಬು ಕಡಿಯುವ ಏಟಿಗೆ ಅರಗು ತಡೆಯುತ್ತದಾ ಅಣ್ಣ?

ಹಳೆಕುಲುಮೆ:
ಮೊನೆ ಉದ್ದ ಇದ್ದು, ತುದಿಯನ್ನು ಹಿಡಿಯ ಹಿಂದೆ ತೂರಿಸಿ ಮಡಿಸಿದ್ದರೆ ತಡೆಯುತ್ತದೆ. ಗಿಡ್ಡ ಮೊನೆಯಾದರೆ ಹೊಡೆತಕ್ಕೆ ಅರಗು ಪುಡಿಯಾಗುತ್ತದೆ, ಅಡ್ಡಕ್ಕೊಂದು ಕಡ್ಡಿ ಹೊಡೆಯಿರಿ. ಕಡಿಯುವ ಕತ್ತಿಗೆ ಬೀಟೆಗಿಂತ ಜಾಲಿ ವಾಸಿ.

ಮಟನ್‌ಸ್ಟಾಲ್:
ಅಂಗಡಿಯಲ್ಲಿ ಇಡೀ ದಿನ ಒದ್ದೆಯಲ್ಲೇ ಕೆಲಸ, ಅಲ್ಲಿಗೆ ಮರ ಬೇಡ ಅಂತ ನನ್ನ ಅಭಿಪ್ರಾಯ. ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಹೈಲಂ ಶೀಟ್ (ಬಟ್ಟೆ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಗಟ್ಟಿ ಹಲಗೆ) ಹಾಕಿ, ನೀರು ಹೀರುವುದೇ ಕಡಿಮೆ. ಉಜ್ಜುವಾಗ ಬರುವ ಧೂಳು ಕೆಟ್ಟದ್ದು, ಮಾಸ್ಕ್ ಹಾಕಿಕೊಂಡೇ ಉಜ್ಜಿ. ಬೀಟೆ ಧೂಳೂ ಕೆಲವರಿಗೆ ಚರ್ಮಕ್ಕೆ ಆಗಿಬರುವುದಿಲ್ಲ. ಇನ್ನೊಂದು, ಅರಗಾಗಲಿ ಅರಾಲ್ಡೈಟಾಗಲಿ ಕುದಿಯುವ ನೀರಿಗೆ ಮೆತ್ತಗಾಗುತ್ತವೆ. ಕತ್ತಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ನೆನೆಯಲು ಬಿಡಬೇಡಿ, ಸೋಪು ಹಾಕಿ ತೊಳೆದು ಕೂಡಲೇ ಒರೆಸಿಡಿ.