4,29,49,67,297 ಅವಿಭಾಜ್ಯವೇ, ಸಂಯುಕ್ತವೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಫರ್ಮಾನ ಚಿಕ್ಕ ಪ್ರಮೇಯದ ಪ್ರಕಾರ, ಬೆಸ ಅವಿಭಾಜ್ಯ ಸಂಖ್ಯೆಯೊಂದಕ್ಕಿಂತ ಒಂದು ಕಡಿಮೆಯಾದ ಘಾತಕ್ಕೆ 2ನ್ನು ಏರಿಸಿ ಅದೇ ಸಂಖ್ಯೆಯಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ. 2³²+1, ಅಂದರೆ 4,29,49,67,297ನ್ನು ಕಂಪ್ಯೂಟರಿನಲ್ಲಿ ಹೀಗೆ ಪರೀಕ್ಷಿಸಿದಾಗ ಶೇಷ 1 ಎಂದೇ ಬಂತು. ಪುಸ್ತಕದಲ್ಲಿ ಮಾತ್ರ ಇದು ಸಂಯುಕ್ತ ಸಂಖ್ಯೆ ಎಂದಿದೆ. ನಾನು ಎಲ್ಲಿ ತಪ್ಪಿದೆ?

ಉತ್ತರ: ನಮಸ್ಕಾರ. ನಿಮ್ಮ ಲೆಕ್ಕ ಸರಿಯಾಗಿದೆ, ಪುಸ್ತಕವೂ ಸರಿಯಾಗಿದೆ. ಅವಿಭಾಜ್ಯವಾದರೆ ಶೇಷ 1 ಬರುತ್ತದೆ ಎಂದಷ್ಟೇ ಪ್ರಮೇಯ ಹೇಳುತ್ತದೆ; ಶೇಷ 1 ಬಂದದ್ದೆಲ್ಲ ಅವಿಭಾಜ್ಯ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಈ ಸಂಖ್ಯೆಗಂತೂ 1 ಬರಲೇಬೇಕು. 2³² ಇದಕ್ಕಿಂತ ಒಂದು ಕಡಿಮೆ, ಆದ್ದರಿಂದ ಅದರ ಶೇಷ −1 ಎಂದಾಯಿತು. ವರ್ಗ ಮಾಡಿದರೆ 2⁶⁴ರ ಶೇಷ 1. ನೀವು ಏರಿಸಿದ ಘಾತ 4,29,49,67,296 ಎಂಬುದು 64ರ ಗುಣಕವಾದ್ದರಿಂದ ಅಲ್ಲಿಯೂ 1 ಉಳಿಯುತ್ತದೆ. ಇಂತಹವನ್ನು 2ರ ಆಧಾರದ ಹುಸಿ ಅವಿಭಾಜ್ಯ ಸಂಖ್ಯೆಗಳೆನ್ನುತ್ತೇವೆ.

2ರ ಘಾತವನ್ನು 1, 2, 4, 8, 16 ಎಂದು ಇಮ್ಮಡಿಸುತ್ತ ಹೋಗಿ ಪ್ರತಿ ಸಲವೂ 1 ಕೂಡಿಸಿದರೆ ಸಿಗುವ 3, 5, 17, 257, 65,537 ಇವೆಲ್ಲ ಅವಿಭಾಜ್ಯಗಳಾದ್ದರಿಂದ ಮುಂದಿನವೂ ಹಾಗೆಯೇ ಇರುತ್ತವೆಂದು 17ನೇ ಶತಮಾನದಲ್ಲಿ ಫರ್ಮಾ ನಂಬಿದ್ದನು. ಮುಂದಿನದೇ ನಿಮ್ಮ ಸಂಖ್ಯೆ. 1732ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು 641 × 67,00,417 ಎಂದು ಅಪವರ್ತಿಸಿದನು. ಇದರ ಪ್ರತಿಯೊಂದು ಅವಿಭಾಜ್ಯ ಅಪವರ್ತನವನ್ನೂ 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಹಾಗಾಗಿ 193, 257, 449, 577 ಇವನ್ನು ಪ್ರಯತ್ನಿಸಿ ಬಿಟ್ಟರೆ ಐದನೆಯದಾಗಿ 641 ಸಿಕ್ಕಿಬಿಡುತ್ತದೆ.

ಭಾಗಾಕಾರ ಮಾಡದೆಯೂ ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ತೋರಿಸಬಹುದು, ದಯವಿಟ್ಟು ತೋರಿಸಿ. 641 ಎಂದರೆ 5×2⁷+1. ಅದೇ 641 ಎಂದರೆ 625+16 ಕೂಡ. 641ರಿಂದ ಭಾಗಿಸಿದಾಗ, ಮೊದಲನೆಯದರಿಂದ 5×2⁷ರ ಶೇಷ −1, ಅದರ ನಾಲ್ಕನೇ ಘಾತವಾದ 625×2²⁸ರ ಶೇಷ 1. ಎರಡನೆಯದರಿಂದ 625ರ ಜಾಗದಲ್ಲಿ −16 ಇಡಬಹುದು. ಆಗ −2³²ರ ಶೇಷ 1 ಎಂದಾಗಿ, 2³²+1 ಎಂಬುದು 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಇಷ್ಟು ದೊಡ್ಡ ಸಂಖ್ಯೆಯ ಬಗ್ಗೆ ಇಷ್ಟು ಚಿಕ್ಕ ರುಜುವಾತು ನನಗೆ ಬೇರೆ ಗೊತ್ತಿಲ್ಲ.

ಪ್ರಶ್ನೆ: ಧನ್ಯವಾದ ಮೇಡಂ. ಅಪವರ್ತನವನ್ನು ಹುಡುಕದೆಯೇ ಇದು ಸಂಯುಕ್ತವೆಂದು ತಿಳಿಯಲು ಸಾಧ್ಯವೇ?

ಉತ್ತರ: ಸಾಧ್ಯ. ಅದೇ ಪರೀಕ್ಷೆಯನ್ನು 2ರ ಬದಲು 3ರಿಂದ ಮಾಡಿ. ಶೇಷ 1 ಆಗಿರದೆ 3,02,90,26,160 ಬರುತ್ತದೆ, ಅಲ್ಲಿಗೆ ತೀರ್ಮಾನವಾಯಿತು. ಇನ್ನೊಂದು ದಾರಿ ವರ್ಗಗಳದ್ದು. ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಲು ಬರುವುದಿಲ್ಲ. ಇದನ್ನಾದರೋ 65,536² + 1² ಎಂದೂ ಬರೆಯಬಹುದು, 62,264² + 20,449² ಎಂದೂ ಬರೆಯಬಹುದು. ಎರಡನೆಯದನ್ನು ಕಾಗದದ ಮೇಲೆ ಒಮ್ಮೆ ಕೂಡಿಸಿ ನೋಡಿ: 387,68,05,696ಕ್ಕೆ 41,81,61,601 ಸೇರಬೇಕು.