ಮನೆಯ ಓದಿಗೆ ಎರಡನೆಯ ಮಾನಿಟರ್: ಕೊಳ್ಳುವ ಮೊದಲು ಕೇಳಬೇಕಾದದ್ದು

ಪ್ರಶ್ನೆ (ಶಿರಸಿ ತಾಲೂಕಿನಿಂದ ಒಬ್ಬ ತಾಯಿ):

ನಮಸ್ಕಾರ ಸರ್. ನಮ್ಮ ಮಗಳು ಬಿಸಿಎ ಮುಗಿಸಿ, ಮನೆಯಲ್ಲಿ ಕುಳಿತೇ ಪ್ರೋಗ್ರಾಮಿಂಗ್ ಮತ್ತು ಡೇಟಾಬೇಸ್ ಕಲಿಯುತ್ತಿದ್ದಾಳೆ. ಹಗಲಿನಲ್ಲಿ ಎನ್‌ಪಿಟಿಇಎಲ್‌ನ ವಿಡಿಯೋ ಪಾಠಗಳು, ಸಂಜೆ ಗೂಗಲ್ ಮೀಟ್‌ನಲ್ಲಿ ನೇರ ತರಗತಿ. ಇರುವುದು 15.6 ಇಂಚಿನ ಒಂದು ಲ್ಯಾಪ್‌ಟಾಪ್. ವಿಡಿಯೋ ನೋಡುತ್ತ ಕೋಡ್ ಬರೆಯುವುದಕ್ಕೆ ಜಾಗ ಸಾಲುವುದಿಲ್ಲ ಎನ್ನುತ್ತಾಳೆ. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ, ಎರಡು ಮಾನಿಟರ್ ಕೊಂಡುಬಿಡಿ, ಲ್ಯಾಪ್‌ಟಾಪ್ ಸೇರಿ ಮೂರು ಪರದೆ ಆಗುತ್ತದೆ ಎಂದು ಒತ್ತಾಯಿಸುತ್ತಿದ್ದಾನೆ. ನಮ್ಮವರು, ಮೂಲೆಯಲ್ಲಿರುವ 32 ಇಂಚಿನ ಹಳೆಯ ಟಿವಿಯನ್ನೇ ಜೋಡಿಸಿದರಾಯಿತು ಎನ್ನುತ್ತಾರೆ. ಮಳೆಗಾಲದಲ್ಲಿ ಇಲ್ಲಿಯ ಕರೆಂಟಿನ ಪಾಡು ತಮಗೆ ಗೊತ್ತೇ ಇದೆ. ಮನೆಯಲ್ಲಿ ಇನ್ವರ್ಟರ್ ಇದೆ. ಯಾವುದನ್ನು ಮಾಡುವುದು ಸರಿ?

ಉತ್ತರ (ಶಿರಸಿಯ ಕಂಪ್ಯೂಟರ್ ಮಾರಾಟ ಮತ್ತು ದುರಸ್ತಿಗಾರ):

ನಮಸ್ಕಾರ ಅಕ್ಕಾ. ಮಾರುವವನೇ ಹೀಗೆ ಹೇಳುವುದು ವಿಚಿತ್ರ ಎನಿಸಬಹುದು, ಆದರೂ ಹೇಳುತ್ತೇನೆ: ನಿಮ್ಮ ಮಗಳಿಗೆ ಒಂದು ಮಾನಿಟರ್ ಸಾಕು. ವಿಡಿಯೋ ನೋಡುತ್ತ ಅದರ ಜೊತೆಜೊತೆಗೇ ಕೋಡ್ ಟೈಪ್ ಮಾಡುವ ಕೆಲಸಕ್ಕೆ ಎರಡನೆಯ ಪರದೆಯಷ್ಟು ಉಪಕಾರಿ ಸಾಧನ ಬೇರೊಂದಿಲ್ಲ. ಪಾಠ ಒಂದರಲ್ಲಿ ನಡೆಯುತ್ತಿರುತ್ತದೆ, ಕೈ ಇನ್ನೊಂದರಲ್ಲಿ ಓಡುತ್ತಿರುತ್ತದೆ, ಪ್ರತಿ ಸಾಲಿಗೂ ವಿಂಡೋ ಬದಲಾಯಿಸುವ ಕಿರಿಕಿರಿ ತಪ್ಪುತ್ತದೆ. ಮೂರನೆಯ ಪರದೆ ಬಂದಾಗ ಅದರಲ್ಲಿ ಇಡಲು ಪಾಠಕ್ಕೆ ಸಂಬಂಧಿಸಿದ್ದು ಏನೂ ಉಳಿದಿರುವುದಿಲ್ಲ, ಹೀಗಾಗಿ ಅಲ್ಲಿ ವಾಟ್ಸ್‌ಆ್ಯಪ್ ಬಂದು ಕೂರುತ್ತದೆ. ಷೇರು ವ್ಯವಹಾರದವರಿಗೆ, ವಿಡಿಯೋ ಸಂಕಲನ ಮಾಡುವವರಿಗೆ ಮೂರು ಬೇಕಾದೀತು, ಓದುವವರಿಗೆ ಬೇಡ. ಇನ್ನು, ನೋಟ್ಸ್ ಎಲ್ಲವನ್ನೂ ಪುಸ್ತಕದಲ್ಲಿ ಕೈಯಿಂದಲೇ ಬರೆಯುವ ವಿದ್ಯಾರ್ಥಿಯಾದರೆ ನಾನು ಮಾನಿಟರ್ ಬದಲು ಅಗಲವಾದ ಮೇಜನ್ನು ಕೊಳ್ಳಲು ಹೇಳುತ್ತೇನೆ, ಏಕೆಂದರೆ ಚಿಕ್ಕ ಮೇಜಿನ ಮೇಲೆ ಮಾನಿಟರ್ ಬಂದ ಕೂಡಲೇ ಜಾಗ ಕಳೆದುಕೊಳ್ಳುವುದು ನೋಟ್‌ಬುಕ್.

ಹಳೆಯ ಟಿವಿಯ ವಿಚಾರ. 32 ಇಂಚಿನ ಹಳೆಯ ಟಿವಿಗಳಲ್ಲಿ ಬಹುಪಾಲು 1366×768 ಚುಕ್ಕೆಗಳವು (ಪಿಕ್ಸೆಲ್). ನಾಲ್ಕು ಮಾರು ದೂರದಿಂದ ಸಿನಿಮಾ ನೋಡಲು ಅದು ಚೆನ್ನ. ಒಂದು ಕೈಯಳತೆ ದೂರದಲ್ಲಿ ಕುಳಿತು ಕೋಡ್ ಓದಿದರೆ ಅಕ್ಷರದ ಅಂಚುಗಳು ಒಡೆದು ಕಾಣುತ್ತವೆ, ಸಂಜೆಯ ಹೊತ್ತಿಗೆ ತಲೆನೋವು. ವಿಡಿಯೋ ಪಾಠ ಮಾತ್ರ ಟಿವಿಯಲ್ಲಿ, ಬರವಣಿಗೆ ಲ್ಯಾಪ್‌ಟಾಪಿನಲ್ಲಿ ಎಂದು ಹಂಚಿಕೊಂಡು, ಟಿವಿಯನ್ನು ಮೇಜಿನಿಂದ ದೂರದ ಗೋಡೆಗೆ ಸರಿಸಿದರೆ ಕೆಲವು ತಿಂಗಳು ಸುಧಾರಿಸಬಹುದು. ಚಿತ್ರದ ನಾಲ್ಕೂ ಅಂಚು ಕತ್ತರಿಸಿದಂತೆ ಕಂಡರೆ ಟಿವಿಯ ಚಿತ್ರದ ಅಳತೆಯನ್ನು ‘ಜಸ್ಟ್ ಸ್ಕ್ಯಾನ್’ ಅಥವಾ ‘ಪಿಸಿ’ ಎಂಬುದಕ್ಕೆ ಬದಲಿಸಿ. ಖರ್ಚು ಮಾಡುವ ಮೊದಲು ಎರಡನೆಯ ಪರದೆ ಮಗಳಿಗೆ ಒಗ್ಗುತ್ತದೆಯೇ ಎಂದು ನೋಡಲು ಇದು ಒಳ್ಳೆಯ ದಾರಿ.

ಕೊಳ್ಳುವುದೇ ಆದರೆ 22ರಿಂದ 24 ಇಂಚಿನೊಳಗಿನ, 1920×1080 ಚುಕ್ಕೆಗಳ, ಐಪಿಎಸ್ ಫಲಕದ ಮಾನಿಟರ್ ನೋಡಿ. ಬದಿಯಿಂದ ನೋಡಿದಾಗಲೂ ಐಪಿಎಸ್‌ನಲ್ಲಿ ಬಣ್ಣ ಕೆಡುವುದಿಲ್ಲ, ಎರಡನೆಯ ಪರದೆಯನ್ನು ನೋಡುವುದೇ ಹೆಚ್ಚಾಗಿ ಬದಿಯಿಂದಲ್ಲವೇ. ಎತ್ತರ ಹೊಂದಿಸಲು ಬರುವ ಸ್ಟ್ಯಾಂಡ್ ಇದ್ದರೆ ಒಳಿತು, ಇಲ್ಲವಾದರೆ ದಪ್ಪ ಮರದ ತುಂಡೊಂದು ಸಾಕು. ನಮ್ಮ ಕಡೆ ಅದಕ್ಕೇನೂ ಬರವಿಲ್ಲ. ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಕಿಂಡಿ, ಅಂದರೆ ಮಾನಿಟರಿಗೆ ಚಿತ್ರ ಕಳಿಸುವ ಕೇಬಲ್ ಸಿಕ್ಕಿಸುವ ಜಾಗ, ಇದೆಯೇ ನೋಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಮಾನಿಟರ್‌ಗಳಲ್ಲಿ ಕೆಲವಕ್ಕೆ ಹಳೆಯ ಬಗೆಯ ವಿಜಿಎ ಕಿಂಡಿ ಮಾತ್ರ ಇರುತ್ತದೆ, ಆಗ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಬೇಕು; ಇದು ಒಮ್ಮುಖ ಸಾಧನ, ವಿಜಿಎಯಿಂದ ಎಚ್‌ಡಿಎಂಐಗೆ ಬದಲಿಸುವುದನ್ನು ತಂದರೆ ಚಿತ್ರ ಬರುವುದಿಲ್ಲ, ಹಾಗೆ ತಪ್ಪು ತಂದು ಅಂಗಡಿಗೆ ಹಿಂದಿರುಗಿಸುವವರು ಬಹಳ. ಎಚ್‌ಡಿಎಂಐ ಸ್ಪ್ಲಿಟರ್ ಎಂಬುದನ್ನೂ ಕೆಲವರು ಎರಡು ಬೇರೆ ಪರದೆಯ ಆಸೆಯಿಂದ ಕೊಳ್ಳುತ್ತಾರೆ, ಆದರೆ ಅದು ಒಂದೇ ಚಿತ್ರವನ್ನು ಎರಡು ಕಡೆ ತೋರಿಸುತ್ತದೆ ಅಷ್ಟೇ.

ಜೋಡಿಸಿದ ಮೇಲೆ ಎರಡರಲ್ಲೂ ಒಂದೇ ಚಿತ್ರ ಕಂಡರೆ ಗಾಬರಿ ಬೇಡ. ವಿಂಡೋಸ್ ಕೀಲಿಯ ಜೊತೆ ಪಿ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿಕೊಳ್ಳಬೇಕು. ವಿಂಡೋಸ್, ಶಿಫ್ಟ್ ಮತ್ತು ಎಡ ಅಥವಾ ಬಲ ಬಾಣದ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆದ ವಿಂಡೋ ಒಂದು ಪರದೆಯಿಂದ ಇನ್ನೊಂದಕ್ಕೆ ಹಾರುತ್ತದೆ. ಮೌಸ್ ಬಲಕ್ಕೆ ಹೋಗಬೇಕಾದಲ್ಲಿ ಎಡಕ್ಕೆ ಹೋಗುತ್ತಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1 ಮತ್ತು 2 ಎಂಬ ಚೌಕಗಳನ್ನು ಮೇಜಿನ ಮೇಲಿರುವಂತೆಯೇ ಎಳೆದು ಕೂರಿಸಿ.

ಕುತ್ತಿಗೆಯ ನೋವು ಬರುವುದು ಪರದೆಗಳ ಸಂಖ್ಯೆಯಿಂದಲ್ಲ, ಇಟ್ಟ ರೀತಿಯಿಂದ. ಹೆಚ್ಚು ಹೊತ್ತು ನೋಡುವ ಪರದೆ, ಅಂದರೆ ಕೋಡ್ ಬರೆಯುವುದು, ಮೂಗಿನ ನೇರಕ್ಕಿರಬೇಕು. ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, ದೂರ ಒಂದು ಕೈಯಳತೆ. ಇನ್ನೊಂದು ಪರದೆ ಪಕ್ಕದಲ್ಲಿ, ಕುಳಿತವರತ್ತ ತುಸು ತಿರುಗಿದಂತೆ ಇರಲಿ. ಹೊಸ ಮಾನಿಟರ್ ಮುಂದೆ, ಲ್ಯಾಪ್‌ಟಾಪ್ ಪಕ್ಕಕ್ಕೆ ಎಂದಾದರೆ ಪ್ರತ್ಯೇಕ ಕೀಬೋರ್ಡ್ ಮತ್ತು ಮೌಸ್ ತೆಗೆದುಕೊಳ್ಳಲೇಬೇಕು, ಇಲ್ಲವಾದರೆ ಸೊಂಟ ಒಂದು ಕಡೆ, ಮುಖ ಇನ್ನೊಂದು ಕಡೆ ಆಗುತ್ತದೆ. ಕಿಟಕಿಯನ್ನು ಬೆನ್ನಿಗೂ ಎದುರಿಗೂ ಇಟ್ಟುಕೊಳ್ಳದೆ ಬದಿಗಿಟ್ಟುಕೊಳ್ಳಿ. ಎರಡೂ ಪರದೆಗಳ ಬೆಳಕು ಹೆಚ್ಚುಕಡಿಮೆ ಸಮನಾಗಿರಲಿ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿಗಿಂತ ದೂರದ್ದನ್ನು 20 ಸೆಕೆಂಡು ನೋಡಬೇಕೆಂದು ಕಣ್ಣಿನ ವೈದ್ಯರು ಹೇಳುತ್ತಾರೆ. ಕಿಟಕಿಯಾಚೆ ತೋಟವಿರುವ ಮನೆಯವರಿಗೆ ಅದೇನು ಕಷ್ಟದ ಕೆಲಸವಲ್ಲ.

ಈಗ ಕರೆಂಟು. ನಮ್ಮ ಊರುಗಳಲ್ಲಿ ಮಾನಿಟರ್ ಕೊಳ್ಳುವ ಮೊದಲು ಇದನ್ನೇ ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ಈ ಅಳತೆಯ ಎಲ್‌ಇಡಿ ಮಾನಿಟರ್ ಸುಮಾರು 20ರಿಂದ 25 ವ್ಯಾಟ್ ಎಳೆಯುತ್ತದೆ, ಲ್ಯಾಪ್‌ಟಾಪಿನ ಚಾರ್ಜರ್ ಗರಿಷ್ಠ 65 ವ್ಯಾಟ್, ಇಂಟರ್ನೆಟ್ ಪೆಟ್ಟಿಗೆ 10 ವ್ಯಾಟಿನ ಆಸುಪಾಸು. ಎಲ್ಲ ಸೇರಿದರೂ 100 ವ್ಯಾಟ್ ಎಂದಿಟ್ಟುಕೊಳ್ಳಿ. 150 ಆಂಪಿಯರ್-ಅವರ್ ಬ್ಯಾಟರಿಯ ಸುಸ್ಥಿತಿಯ ಇನ್ವರ್ಟರ್‌ಗೆ ಇದು ಹಲವು ತಾಸು ನಡೆಸಬಹುದಾದ ಭಾರ. ಆದರೆ ಲೈನಿನ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟು ಇಲ್ಲದಿರುವುದು ಇಲ್ಲಿ ಹೊಸತಲ್ಲವಾದ್ದರಿಂದ, ಅಂಥ ದಿನ ಮಾನಿಟರ್ ಆರಿಸಿ ಲ್ಯಾಪ್‌ಟಾಪ್ ಒಂದರಲ್ಲೇ ಓದಬೇಕು. ಇನ್ವರ್ಟರ್‌ನಲ್ಲಿ ‘ಯುಪಿಎಸ್’ ಎಂಬ ಸ್ವಿಚ್ ಇದ್ದರೆ ಅದನ್ನು ಆ ಕಡೆಗೆ ಇಡಿ, ಕರೆಂಟು ಹೋದಾಗ ಬದಲಾಗುವ ವೇಗ ಹೆಚ್ಚುತ್ತದೆ, ಮಾನಿಟರ್ ಮತ್ತು ಇಂಟರ್ನೆಟ್ ಪೆಟ್ಟಿಗೆ ಆರಿ ಹೊತ್ತುವುದು ತಪ್ಪುತ್ತದೆ.

ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆ ಇನ್ನೂ ಅಪಾಯಕಾರಿ. ದೂರದಲ್ಲಿ ಗುಡುಗು ಕೇಳಿದಾಗಲೇ ಪ್ಲಗ್ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು. ಫೈಬರ್ ಕೇಬಲ್‌ನ ಒಳಗಿನ ಎಳೆ ಗಾಜಿನದ್ದಾದ್ದರಿಂದ ಆ ಎಳೆಯ ಮೂಲಕ ಸಿಡಿಲಿನ ಹೊಡೆತ ಬರುವುದಿಲ್ಲ ಎಂಬುದು ನಿಜ, ಆದರೆ ಇಂಟರ್ನೆಟ್ ಪೆಟ್ಟಿಗೆಯ ಅಡಾಪ್ಟರ್ ಮೂಲಕ ಒಳಗೆ ಬಂದು, ಅಲ್ಲಿಂದ ಲ್ಯಾನ್ ತಂತಿ ಹಿಡಿದು ಲ್ಯಾಪ್‌ಟಾಪಿಗೂ, ಎಚ್‌ಡಿಎಂಐ ಹಿಡಿದು ಮಾನಿಟರಿಗೂ ಹೋಗಬಹುದು. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಚಿರೆಕಲ್ಲಿನ ನೆಲದಲ್ಲಿ ಬೇಸಿಗೆಗೆ ಅರ್ಥಿಂಗ್ ಗುಂಡಿ ಒಣಗಿಬಿಡುತ್ತದೆ, ಆಗಾಗ ನೀರು ಹಾಕುತ್ತಿರಬೇಕು.

ಪ್ರಶ್ನೆ (ಕಾರವಾರದಿಂದ):

ಸರ್, ನನ್ನ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಇಲ್ಲ, ಟೈಪ್-ಸಿ ಕಿಂಡಿಗಳು ಮಾತ್ರ ಇವೆ. ಟೈಪ್-ಸಿಯಿಂದ ಎಚ್‌ಡಿಎಂಐಗೆ ಬದಲಿಸುವ ಅಡಾಪ್ಟರ್ ತರಿಸಿದೆ, ಮಾನಿಟರ್ ‘ಸಿಗ್ನಲ್ ಇಲ್ಲ’ ಎನ್ನುತ್ತದೆ. ಅಡಾಪ್ಟರ್ ಕೆಟ್ಟಿದೆಯೇ? ಇನ್ನೊಂದು, ನಮ್ಮ ಮನೆ ಕಡಲಿಗೆ ಹತ್ತಿರ. ಉಪ್ಪುಗಾಳಿಗೆ ಮಾನಿಟರ್ ಬಾಳಿಕೆ ಬರುತ್ತದೆಯೇ?

ಉತ್ತರ:

ಅಡಾಪ್ಟರ್ ಸರಿಯಿದ್ದೂ ಹೀಗಾಗಬಹುದು. ಎಲ್ಲ ಟೈಪ್-ಸಿ ಕಿಂಡಿಗಳಲ್ಲೂ ಚಿತ್ರ ಹೊರಡುವುದಿಲ್ಲ. ಕೆಲವು ಚಾರ್ಜಿಂಗ್ ಮತ್ತು ಫೈಲ್ ವರ್ಗಾವಣೆಗೆ ಮಾತ್ರ. ಕಿಂಡಿಯ ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್‌ನ ಚಿಹ್ನೆ ಅಥವಾ ಥಂಡರ್‌ಬೋಲ್ಟ್‌ನ ಮಿಂಚಿನ ಚಿಹ್ನೆ ಇದೆಯೇ ನೋಡಿ, ಇನ್ನೊಂದು ಕಿಂಡಿಯಲ್ಲೂ ಹಾಕಿ ನೋಡಿ. ಯಾವುದರಲ್ಲೂ ಬಾರದಿದ್ದರೆ, ಚಿತ್ರವನ್ನು ಸಾಮಾನ್ಯ ಯುಎಸ್‌ಬಿ ಡೇಟಾ ಆಗಿ ಕಳಿಸುವ ಡಿಸ್‌ಪ್ಲೇಲಿಂಕ್ ತಂತ್ರದ ಅಡಾಪ್ಟರ್ ಕೊಳ್ಳಬೇಕಾಗುತ್ತದೆ. ಬೆಲೆ ಹೆಚ್ಚು, ಡ್ರೈವರ್ ಕೂಡ ಹಾಕಿಕೊಳ್ಳಬೇಕು, ಆದರೆ ಪಾಠ-ಬರವಣಿಗೆಗೆ ತೊಂದರೆ ಇಲ್ಲ. ನಿಮ್ಮದು ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಆಗಿದ್ದರೆ ಹೊರಗಿನ ಒಂದು ಮಾನಿಟರ್ ನೇರವಾಗಿ ಜೋಡಿಸಬಹುದು, ಎರಡು ಆಗದು.

ಕಡಲ ಗಾಳಿಯಿಂದ ಪರದೆಗಿಂತ ಮೊದಲು ಹಾಳಾಗುವುದು ಕನೆಕ್ಟರ್‌ಗಳು. ಹಸಿರು ಅಥವಾ ಬಿಳಿ ಪುಡಿ ಕೂತಂತೆ ಕಂಡರೆ ಎಲ್ಲವನ್ನೂ ಆರಿಸಿ, ತಂತಿ ಬಿಡಿಸಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿಯ ಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಸಿಕ್ಕಿಸಿ. ಕಡಲ ಕಡೆಯ ಕಿಟಕಿಯ ಬಳಿ ಮೇಜು ಬೇಡ. ಮಳೆಗಾಲದಲ್ಲಿ ಮಾನಿಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವವರಿದ್ದಾರೆ, ಅದರಿಂದ ತೇವ ಒಳಗೇ ಉಳಿಯುತ್ತದೆ. ದಿನಾ ಸ್ವಲ್ಪ ಹೊತ್ತು ಹೊತ್ತಿಸಿಟ್ಟರೆ ಅದರ ಬಿಸಿಗೇ ತೇವ ಆರುತ್ತದೆ.

ಪ್ರಶ್ನೆ (ಕುಮಟಾದ ಒಬ್ಬ ಶಿಕ್ಷಕರು):

ನಾನು ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ಸ್ಲೈಡ್ ತೋರಿಸುವಾಗ ಮಕ್ಕಳ ಮುಖ ಕಾಣುವುದಿಲ್ಲ, ನನ್ನ ಟಿಪ್ಪಣಿಯೂ ಕಾಣುವುದಿಲ್ಲ. ಎರಡು ಪರದೆ ಇದ್ದರೆ ಇಂಟರ್ನೆಟ್ ಡೇಟಾ ಹೆಚ್ಚು ಖರ್ಚಾಗುತ್ತದೆಯೇ?

ಉತ್ತರ:

ಇಲ್ಲ ಮಾಸ್ತರೆ, ಮಾನಿಟರ್ ಎಷ್ಟಿದ್ದರೂ ಅದಕ್ಕಾಗಿ ಡೇಟಾ ಖರ್ಚಾಗುವುದಿಲ್ಲ. ಹೇಳಬೇಕೆಂದರೆ ಎರಡನೆಯ ಪರದೆಯ ಪೂರ್ತಿ ಲಾಭ ಸಿಗುವುದು ಕಲಿಸುವವರಿಗೇ. ಪವರ್‌ಪಾಯಿಂಟ್‌ನಲ್ಲಿ ‘ಪ್ರೆಸೆಂಟರ್ ವ್ಯೂ’ ಇದೆ, ಒಂದು ಪರದೆಯಲ್ಲಿ ಸ್ಲೈಡ್, ಇನ್ನೊಂದರಲ್ಲಿ ನಿಮ್ಮ ಟಿಪ್ಪಣಿ ಮತ್ತು ಮುಂದಿನ ಸ್ಲೈಡ್ ಕಾಣುತ್ತದೆ. ಝೂಮ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡು ಮಾನಿಟರ್ ಬಳಸುವ ಆಯ್ಕೆಯಿದೆ, ಅದನ್ನು ಗುರುತು ಮಾಡಿದರೆ ಹಂಚಿಕೊಂಡ ವಿಷಯ ಒಂದು ಕಡೆ, ಮುಖಗಳು ಇನ್ನೊಂದು ಕಡೆ ಬರುತ್ತವೆ. ಮುಖಗಳಿರುವ ವಿಂಡೋವನ್ನು ಕ್ಯಾಮೆರಾ ಇರುವ ಪರದೆಯಲ್ಲೇ ಇಟ್ಟುಕೊಳ್ಳಿ, ಇಲ್ಲವಾದರೆ ಇಡೀ ತರಗತಿ ನೀವು ಗೋಡೆ ನೋಡುತ್ತ ಪಾಠ ಮಾಡಿದಂತೆ ಮಕ್ಕಳಿಗೆ ಕಾಣುತ್ತದೆ. ಹಂಚಿಕೊಳ್ಳುವಾಗ ಇಡೀ ಪರದೆಯ ಬದಲು ಒಂದು ವಿಂಡೋ ಮಾತ್ರ ಆರಿಸಿದರೆ ಮನೆಯವರ ಸಂದೇಶ ಮಕ್ಕಳ ಮುಂದೆ ತೆರೆದುಕೊಳ್ಳುವ ಫಜೀತಿ ಇರುವುದಿಲ್ಲ.

ಪ್ರಶ್ನೆ (ಮೊದಲಿನ ತಾಯಿಯಿಂದಲೇ):

ಸರ್, ಮಗಳಿಗೆ ತಮ್ಮ ಉತ್ತರ ಓದಿ ಹೇಳಿದೆ. ಒಂದೇ ಮಾನಿಟರ್ ಎಂದು ಒಪ್ಪಿದ್ದಾಳೆ. ಅವಳ ಕೋರ್ಸಿನಲ್ಲಿ ಕ್ಯಾಮೆರಾ ಹಾಕಿ ಮನೆಯಲ್ಲೇ ಬರೆಯುವ ಪರೀಕ್ಷೆಯೂ ಇದೆಯಂತೆ. ಎರಡು ಪರದೆ ಇದ್ದರೆ ಕಾಪಿ ಎಂದು ಎಣಿಸುವರೇ?

ಉತ್ತರ:

ಅಂಥ ಪರೀಕ್ಷೆಗಳ ನಿಗಾ ತಂತ್ರಾಂಶಗಳಲ್ಲಿ ಹಲವು ಎರಡನೆಯ ಪರದೆ ಕಂಡರೆ ಪರೀಕ್ಷೆ ಆರಂಭಿಸಲು ಬಿಡುವುದಿಲ್ಲ, ನಡುವೆ ಕಂಡರೆ ಎಚ್ಚರಿಕೆ ಕೊಡುತ್ತವೆ. ಆದ್ದರಿಂದ ನಿಯಮ ಮೊದಲೇ ಓದಿಕೊಳ್ಳಲಿ. ಮಾನಿಟರಿನ ಗುಂಡಿ ಒತ್ತಿ ಆರಿಸಿದರೂ ಕೇಬಲ್ ಸಿಕ್ಕಿಕೊಂಡಿದ್ದರೆ ಲ್ಯಾಪ್‌ಟಾಪ್ ಅದನ್ನು ಇನ್ನೂ ಇದೆ ಎಂದೇ ಎಣಿಸಬಹುದು. ಎಚ್‌ಡಿಎಂಐ ಕೇಬಲ್ಲನ್ನೇ ಲ್ಯಾಪ್‌ಟಾಪಿನಿಂದ ಕಿತ್ತು, ಮಾನಿಟರನ್ನು ಮೇಜಿನಿಂದ ಇಳಿಸಿಡಿ, ಕ್ಯಾಮೆರಾದಲ್ಲಿ ಕೋಣೆ ತೋರಿಸಲು ಹೇಳಿದಾಗ ಪ್ರಶ್ನೆ ಏಳುವುದಿಲ್ಲ. ಪರೀಕ್ಷೆಯ ಹಿಂದಿನ ವಾರವಿಡೀ ಒಂದೇ ಪರದೆಯಲ್ಲಿ ಅಭ್ಯಾಸ ಮಾಡಲಿ, ಏಕೆಂದರೆ ಎರಡಕ್ಕೆ ಒಗ್ಗಿದ ಕಣ್ಣು ಒಂದಕ್ಕೆ ಮರಳಲು ಸಮಯ ಹಿಡಿಯುತ್ತದೆ. ಆ ದಿನ ಕರೆಂಟು ಇರಲಿ ಇಲ್ಲದಿರಲಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ಮೊಬೈಲ್ ಹಾಟ್‌ಸ್ಪಾಟ್ ಬಳಸಲು ಅನುಮತಿ ಇದೆಯೇ ಎಂಬುದನ್ನೂ ಪರೀಕ್ಷೆ ನಡೆಸುವವರಲ್ಲಿ ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ.