ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್: ಸದಸ್ಯರ ಪ್ರಶ್ನೆಗಳಿಗೆ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ಬಹಳ ವರ್ಷಗಳಿಂದ 1.5 ಲೀಟರ್‌ನ ಸಾಧಾರಣ ಪೆಟ್ರೋಲ್ ಕಾರನ್ನು ಓಡಿಸುತ್ತಿದ್ದೇನೆ. ಈಗ ಮೂರು ಸಿಲಿಂಡರ್‌ನ ಒಂದು ಲೀಟರ್ ಟರ್ಬೊ ಕಾರನ್ನು ಕೊಳ್ಳುವ ಯೋಚನೆಯಿದೆ. ಇಷ್ಟು ಚಿಕ್ಕ ಎಂಜಿನ್‌ನಿಂದ ಅಷ್ಟೊಂದು ಶಕ್ತಿ ತೆಗೆದರೆ ಅದು ಬೇಗ ಸವೆಯುವುದಿಲ್ಲವೇ?

ಉತ್ತರ: ನಮಸ್ಕಾರ. ಪೆಟ್ರೋಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬಿಸಿ ಹೊಗೆಯಾಗಿ ಸೈಲೆನ್ಸರ್ ಮೂಲಕ ಹೊರಟುಹೋಗುತ್ತದೆ. ಆ ಹೊಗೆಯಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಸಿಲಿಂಡರ್‌ಗಳಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವುದೇ ಟರ್ಬೊದ ಕೆಲಸ. ಈ ವಿಚಾರ ಹೊಸತೇನಲ್ಲ. ಸ್ವಿಟ್ಜರ್ಲೆಂಡ್‌ನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದರು, ಅಮೆರಿಕದಲ್ಲಿ 1962ರಲ್ಲಿಯೇ ಟರ್ಬೊ ಪೆಟ್ರೋಲ್ ಕಾರುಗಳು ಮಾರಾಟಕ್ಕೆ ಬಂದಿದ್ದವು.

ಇಂದಿನ ಒಂದು ಲೀಟರ್ ಟರ್ಬೊ ಎಂಜಿನ್ ಸಾಮಾನ್ಯವಾಗಿ 170ರಿಂದ 180 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ, ಅದೂ 1,500 ಅಥವಾ 1,750 ಆರ್‌ಪಿಎಂನಿಂದಲೇ (ಆರ್‌ಪಿಎಂ ಎಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು). ನಿಮ್ಮ ಹಳೆಯ 1.5 ಲೀಟರ್ ಎಂಜಿನ್ ಸುಮಾರು 145 ನ್ಯೂಟನ್ ಮೀಟರ್ ಕೊಡಲು 4,000 ಆರ್‌ಪಿಎಂ ದಾಟಬೇಕಾಗಿತ್ತು. ಅಂದರೆ ಹೊಸ ಎಂಜಿನ್ ಅದೇ ಕೆಲಸವನ್ನು ನಿಧಾನವಾಗಿ ತಿರುಗುತ್ತಲೇ ಮಾಡುತ್ತದೆ. ಅದರ ಪಿಸ್ಟನ್, ಬೇರಿಂಗ್, ಕ್ರ್ಯಾಂಕ್‌ಗಳನ್ನು ಈ ಒತ್ತಡವನ್ನು ಲೆಕ್ಕಹಾಕಿಯೇ ವಿನ್ಯಾಸ ಮಾಡಿರುತ್ತಾರೆ, ಹಲವು ಎಂಜಿನ್‌ಗಳಲ್ಲಿ ಪಿಸ್ಟನ್‌ನ ಅಡಿಭಾಗ ತಣ್ಣಗಿರಲೆಂದು ಆಯಿಲ್ ಚಿಮ್ಮಿಸುವ ನಳಿಕೆಗಳೂ ಇರುತ್ತವೆ. ಆದ್ದರಿಂದ ಎಂಜಿನ್ ಚಿಕ್ಕದು ಎಂಬ ಒಂದೇ ಕಾರಣಕ್ಕೆ ಹೆದರಬೇಡಿ. ನಾನು ಬಿಚ್ಚಿ ನೋಡಿದ ಹಾಳಾದ ಎಂಜಿನ್‌ಗಳಲ್ಲಿ ಬಹುಪಾಲು ಹಾಳಾದದ್ದು ಎರಡು ಕಾರಣಗಳಿಗೆ: ಸರಿಯಲ್ಲದ ಅಥವಾ ಹಳಸಿದ ಆಯಿಲ್, ಮತ್ತು ತೀರ ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್‌ನಿಂದ ಭಾರ ಎಳೆಸುವ ಅಭ್ಯಾಸ.

ಪ್ರಶ್ನೆ: ಸರ್, ನೀವು ಹೇಳಿದ ಎರಡನೆಯ ಕಾರಣ ನನಗೆ ಅನ್ವಯಿಸುತ್ತದೆ ಅನ್ನಿಸುತ್ತದೆ. ಮೈಲೇಜ್ ಸಿಗಲಿ ಎಂದು ಆದಷ್ಟು ಬೇಗ ಮೇಲಿನ ಗೇರ್ ಹಾಕುತ್ತೇನೆ. ಐದನೇ ಗೇರ್‌ನಲ್ಲಿ 1,400 ಆರ್‌ಪಿಎಂ ಇದ್ದರೂ ಕಾರು ದಿಬ್ಬ ಹತ್ತುತ್ತದೆ. ಹತ್ತುತ್ತದೆ ಎಂದ ಮೇಲೆ ತಪ್ಪೇನು?

ಉತ್ತರ: ಟರ್ಬೊ ಎಂಜಿನ್‌ನ ತೊಡಕು ಇರುವುದೇ ಇಲ್ಲಿ. ಹಳೆಯ ಕಾರಿನಲ್ಲಿ ಹೀಗೆ ಮಾಡಿದರೆ ಎಂಜಿನ್ ನಡುಗಿ, ಟಕಟಕ ಸದ್ದು ಮಾಡಿ, ಕೊನೆಗೆ ನಿಂತೇಹೋಗುತ್ತಿತ್ತು. ಚಾಲಕನಿಗೆ ಗೇರ್ ಇಳಿಸದೆ ಬೇರೆ ದಾರಿ ಇರುತ್ತಿರಲಿಲ್ಲ. ಟರ್ಬೊ ಎಂಜಿನ್ ಹಾಗೆ ದೂರು ಹೇಳುವುದಿಲ್ಲ. ನೀವು ಆಕ್ಸಿಲರೇಟರ್ ಒತ್ತಿದಷ್ಟೂ ಗಾಳಿ ತುಂಬಿಕೊಂಡು ಎಳೆಯುತ್ತಲೇ ಇರುತ್ತದೆ. ಆದರೆ ಆ ಹೊತ್ತಿನಲ್ಲಿ ಸಿಲಿಂಡರ್ ಒಳಗಿನ ಒತ್ತಡ ಗರಿಷ್ಠ ಮಟ್ಟದಲ್ಲಿರುತ್ತದೆ, ಪಿಸ್ಟನ್ ನಿಧಾನವಾಗಿ ಚಲಿಸುವುದರಿಂದ ಒತ್ತಿಹೋದ ಬಿಸಿ ಮಿಶ್ರಣ ತಾನಾಗಿ ಹೊತ್ತಿಕೊಳ್ಳಲು ಹೆಚ್ಚು ಸಮಯವೂ ಸಿಗುತ್ತದೆ. ಪಿಸ್ಟನ್ ರಿಂಗ್‌ನ ಮೇಲಿನ ಕಿರಿದಾದ ಸಂದಿಯಲ್ಲಿ ಸೇರಿಕೊಂಡ ಆಯಿಲ್ ಮತ್ತು ಪೆಟ್ರೋಲ್ ಬೆರೆತ ಹನಿಯೊಂದು, ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಮೊದಲೇ ಹೊತ್ತಿಕೊಂಡರೆ, ಮೇಲೇರುತ್ತಿರುವ ಪಿಸ್ಟನ್‌ಗೆ ಎದುರಿನಿಂದ ಸುತ್ತಿಗೆ ಏಟು ಬಿದ್ದಂತಾಗುತ್ತದೆ. ಇದನ್ನು ಎಂಜಿನಿಯರ್‌ಗಳು ಲೋ ಸ್ಪೀಡ್ ಪ್ರಿ ಇಗ್ನಿಷನ್ ಎನ್ನುತ್ತಾರೆ. ಸಾಮಾನ್ಯ ನಾಕಿಂಗ್ (ಕಿಡಿ ಹಾರಿದ ಮೇಲೆ ಉಳಿದ ಮಿಶ್ರಣ ತಾನಾಗಿ ಸಿಡಿಯುವುದು) ಆದರೆ ಸೆನ್ಸರ್ ಅದನ್ನು ಗುರುತಿಸಿ ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳಬಹುದು. ಇಲ್ಲಿ ಕಿಡಿಗೆ ಮೊದಲೇ ಬೆಂಕಿ ಹೊತ್ತಿರುವುದರಿಂದ ಅಂತಹ ತಿದ್ದುಪಡಿಗೆ ಅವಕಾಶವೇ ಇಲ್ಲ. ತೀವ್ರವಾಗಿದ್ದರೆ ಒಂದೆರಡು ಏಟಿಗೇ ರಿಂಗ್ ಕೂರುವ ಅಂಚು ಮುರಿಯಬಹುದು.

ಪರಿಹಾರ ಬಹಳ ಸರಳ. ಸಮತಟ್ಟಾದ ರಸ್ತೆಯಲ್ಲಿ ಆಕ್ಸಿಲರೇಟರ್ ಮೇಲೆ ಕಾಲಿಟ್ಟೂ ಇಡದಂತೆ ಹೋಗುತ್ತಿದ್ದರೆ 1,400 ಆರ್‌ಪಿಎಂನಿಂದ ತೊಂದರೆಯಿಲ್ಲ. ದಿಬ್ಬ, ಓವರ್‌ಟೇಕ್, ತುಂಬಿದ ಕಾರು, ಇವುಗಳಲ್ಲಿ ಯಾವುದು ಎದುರಾದರೂ ಮೊದಲು ಗೇರ್ ಇಳಿಸಿ, ಎಂಜಿನ್ 2,000 ದಾಟಿದ ಮೇಲೆ ಆಕ್ಸಿಲರೇಟರ್ ಒತ್ತಿ. ಇದರಿಂದ ಮೈಲೇಜ್‌ನಲ್ಲಿ ಆಗುವ ನಷ್ಟ ಗಮನಕ್ಕೂ ಬಾರದಷ್ಟು ಸಣ್ಣದು.

ಪ್ರಶ್ನೆ: ಆಟೊಮ್ಯಾಟಿಕ್ ಇರುವವರಿಗೂ ಇದು ಅನ್ವಯಿಸುತ್ತದೆಯೇ ಸರ್?

ಉತ್ತರ: ಗೇರ್‌ಬಾಕ್ಸ್‌ನ ಕಂಪ್ಯೂಟರ್ ಈ ಎಚ್ಚರಿಕೆಯನ್ನು ನಿಮ್ಮ ಪರವಾಗಿ ವಹಿಸುತ್ತದೆ. ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಮೇಲಿನ ಗೇರ್‌ನಲ್ಲೇ ಹಿಡಿದಿಡುವ ಅಭ್ಯಾಸವಿದ್ದರೆ ಮಾತ್ರ ಅದನ್ನು ಬಿಡಿ.

ಪ್ರಶ್ನೆ: ನಮ್ಮ ಗ್ಯಾರೇಜಿನವರು ಟರ್ಬೊ ತುಂಬ ಬಿಸಿಯಾಗುವುದರಿಂದ ದಪ್ಪನೆಯ ಆಯಿಲ್ ಹಾಕಿದರೆ ಒಳ್ಳೆಯದು ಎನ್ನುತ್ತಾರೆ. ಕೈಪಿಡಿಯಲ್ಲಿ 0ಡಬ್ಲ್ಯೂ-20, ಅಂದರೆ ತೆಳುವಾದ ಆಯಿಲ್, ಎಂದಿದೆ. ಯಾವುದನ್ನು ನಂಬಲಿ?

ಉತ್ತರ: ಕೈಪಿಡಿಯನ್ನು. ಟರ್ಬೊದ ದಂಡ ನಿಮಿಷಕ್ಕೆ ಒಂದೂವರೆ, ಎರಡು ಲಕ್ಷ ಸುತ್ತುಗಳವರೆಗೂ ತಿರುಗುತ್ತದೆ, ಅದರ ಒಂದು ತುದಿಗೆ 900 ಡಿಗ್ರಿ ಸೆಲ್ಸಿಯಸ್ ದಾಟುವ ಹೊಗೆ ಬಡಿಯುತ್ತಿರುತ್ತದೆ. ಅದನ್ನು ಎತ್ತಿ ಹಿಡಿಯುವುದು ತೆಳುವಾದ ಆಯಿಲ್ ಪದರ ಒಂದೇ. ಬೆಳಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ದಪ್ಪ ಆಯಿಲ್ ಅಲ್ಲಿಗೆ ತಲುಪುವುದೇ ತಡವಾಗುತ್ತದೆ.

ದಪ್ಪ ತೆಳುವಿನಷ್ಟೇ ಮುಖ್ಯವಾದದ್ದು ಆಯಿಲ್‌ನ ದರ್ಜೆ. ಹಿಂದಿನ ಪ್ರಶ್ನೆಯಲ್ಲಿ ಹೇಳಿದ ಅಕಾಲ ಉರಿಯುವಿಕೆಗೆ ಆಯಿಲ್‌ನಲ್ಲಿ ಬೆರೆಸುವ ಕ್ಯಾಲ್ಸಿಯಂ ಆಧಾರಿತ ಡಿಟರ್ಜೆಂಟ್ ಕುಮ್ಮಕ್ಕು ಕೊಡುತ್ತದೆ ಎಂದು ಗೊತ್ತಾದ ಮೇಲೆ, ತಯಾರಕರು ಅದರ ಪಾಲನ್ನು ಇಳಿಸಿ ಮೆಗ್ನೀಸಿಯಂ ಬಳಸತೊಡಗಿದರು. 2018ರಲ್ಲಿ ಬಂದ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಸ್‌ಎನ್ ಪ್ಲಸ್, 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಗಳಲ್ಲಿ ಇದಕ್ಕೆಂದೇ ಪರೀಕ್ಷೆ ಇದೆ. ಡಬ್ಬಿಯ ಮೇಲೆ ಕೈಪಿಡಿ ಹೇಳಿದ ದರ್ಜೆ ಅಥವಾ ಅದಕ್ಕಿಂತ ಹೊಸತು ಇದೆಯೇ ಎಂದು ನೋಡಿ. ಯಾವ ಕಂಪನಿಯದು ಎನ್ನುವುದು ಆಮೇಲಿನ ಮಾತು. ಕೆಲವು ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನು ಸರಿಯಾದ ಸಮಯಕ್ಕೆ ತೆರೆಸುವ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ನೆನೆಯುತ್ತ ತಿರುಗುತ್ತದೆ. ಅಂಥವುಗಳಿಗೆ ತಪ್ಪು ಆಯಿಲ್ ಹಾಕಿದರೆ ಬೆಲ್ಟ್‌ನ ರಬ್ಬರ್ ಚೂರುಚೂರಾಗಿ ಉದುರಿ ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚುತ್ತದೆ, ಆಗ ಉಳಿಯುವುದು ಎಂಜಿನ್ ಬದಲಿಸುವ ಖರ್ಚು ಮಾತ್ರ.

ದಿನವೂ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ನೋಡುವುದನ್ನು ರೂಢಿಸಿಕೊಳ್ಳಬೇಕು. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ಮಟ್ಟ ಇಳಿಯುವ ಬದಲು ಏರಿದ್ದರೆ, ಪೆಟ್ರೋಲ್ ವಾಸನೆ ಬಂದರೆ, ಕಿಲೋಮೀಟರ್ ಲೆಕ್ಕ ನೋಡದೆ ಆಯಿಲ್ ಬದಲಿಸಿ.

ಪ್ರಶ್ನೆ: ಕಾರು ನಿಲ್ಲಿಸುವ ಮೊದಲು ಎಂಜಿನ್ ಸ್ವಲ್ಪ ಹೊತ್ತು ಹಾಗೇ ಓಡಲು ಬಿಡಬೇಕು ಎನ್ನುತ್ತಾರೆ. ಪ್ರತಿ ಸಲವೂ ಬಿಡಬೇಕೇ?

ಉತ್ತರ: ಪ್ರತಿ ಸಲ ಬೇಡ. ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಬಂದಿದ್ದರೆ ಟರ್ಬೊ ಆಗಲೇ ತಣಿದಿರುತ್ತದೆ. ವೇಗವಾಗಿ ಹೆದ್ದಾರಿಯಲ್ಲಿ ಬಂದು ನೇರವಾಗಿ ಪೆಟ್ರೋಲ್ ಬಂಕಿಗೆ ನುಗ್ಗಿದಾಗ, ಘಟ್ಟ ಹತ್ತಿದ ಕೂಡಲೇ ನಿಲ್ಲಿಸಿದಾಗ, ಅರ್ಧದಿಂದ ಒಂದು ನಿಮಿಷ ಬಿಡಿ. ಈಗಿನ ಹಲವು ಟರ್ಬೊಗಳ ಬೇರಿಂಗ್ ಸುತ್ತ ಕೂಲೆಂಟ್ ಹರಿಯುತ್ತದೆ, ಎಂಜಿನ್ ನಿಂತ ಮೇಲೂ ಅದನ್ನು ಹರಿಸುವ ವಿದ್ಯುತ್ ಪಂಪ್ ಕೆಲವು ಕಾರುಗಳಲ್ಲಿದೆ. ಹಳೆಯ ಕಾಲದಂತೆ ಆಯಿಲ್ ಒಳಗೇ ಸುಟ್ಟು ಕರಕಲಾಗುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ.

ಪ್ರಶ್ನೆ: ಕಂಪನಿ ಹೇಳಿದ ಮೈಲೇಜ್‌ನ ಹತ್ತಿರಕ್ಕೂ ನನ್ನ ಕಾರು ಬರುತ್ತಿಲ್ಲ. ದೋಷವಿದೆಯೇ?

ಉತ್ತರ: ದೋಷ ಇರಲೇಬೇಕೆಂದಿಲ್ಲ. ಪರೀಕ್ಷೆಯಲ್ಲಿ ಕಾರನ್ನು ಮೆಲ್ಲಗೆ ಓಡಿಸುತ್ತಾರೆ, ಆಗ ಟರ್ಬೊಗೆ ಹೆಚ್ಚು ಕೆಲಸವಿರುವುದಿಲ್ಲ, ಸಣ್ಣ ಎಂಜಿನ್ ಸಣ್ಣ ಎಂಜಿನ್‌ನಂತೆಯೇ ಕುಡಿಯುತ್ತದೆ. ನೀವು ಆಕ್ಸಿಲರೇಟರ್ ಒತ್ತಿ ಗಾಳಿ ತುಂಬಿಸಿದಾಗಲೆಲ್ಲ ಆ ಗಾಳಿಗೆ ತಕ್ಕ ಪೆಟ್ರೋಲನ್ನೂ ಕೊಡಬೇಕು. ಜೋರಾಗಿ ಓಡಿಸುವಾಗ ಹಲವು ಎಂಜಿನ್‌ಗಳು ಟರ್ಬೊ ಮತ್ತು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡದಿರಲೆಂದು, ಉರಿಯಲು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಚಿಮ್ಮಿಸಿ ಹೊಗೆಯನ್ನು ತಣಿಸುತ್ತವೆ. ಕಡಿಮೆ ಆಕ್ಟೇನ್‌ನ (ಆಕ್ಟೇನ್ ಎಂದರೆ ನಾಕಿಂಗ್ ತಡೆಯುವ ಗುಣದ ಅಳತೆ) ಪೆಟ್ರೋಲ್ ಹಾಕಿದರೆ ನಾಕಿಂಗ್ ತಪ್ಪಿಸಲು ಕಿಡಿ ತಡವಾಗಿ ಹಾರುತ್ತದೆ, ಆಗಲೂ ಶಕ್ತಿ ಮತ್ತು ಮೈಲೇಜ್ ಎರಡೂ ಇಳಿಯುತ್ತವೆ. ಕೈಪಿಡಿ 95 ಆಕ್ಟೇನ್ ಬೇಡುತ್ತಿದ್ದರೆ ಅದನ್ನೇ ಹಾಕಿ. 91 ಸಾಕು ಎಂದಿದ್ದರೆ ದುಬಾರಿ ಪೆಟ್ರೋಲ್‌ನಿಂದ ದೊಡ್ಡ ಲಾಭವನ್ನು ನಿರೀಕ್ಷಿಸಬೇಡಿ.

ಪ್ರಶ್ನೆ: ಡೈರೆಕ್ಟ್ ಇಂಜೆಕ್ಷನ್ ಇರುವ ಎಂಜಿನ್‌ನಲ್ಲಿ ವಾಲ್ವ್‌ಗಳಿಗೆ ಮಸಿ ಕಟ್ಟುತ್ತದೆಯಂತೆ. ಪೆಟ್ರೋಲ್‌ಗೆ ಕ್ಲೀನರ್ ಬೆರೆಸಿದರೆ ಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ. ಅಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಗೆ ಚಿಮ್ಮುವುದರಿಂದ ಇನ್‌ಟೇಕ್ ವಾಲ್ವ್‌ನ ಹಿಂಬದಿಯನ್ನು ಅದು ಮುಟ್ಟುವುದೇ ಇಲ್ಲ, ಮುಟ್ಟದ ಜಾಗವನ್ನು ತೊಳೆಯುವುದು ಹೇಗೆ? ಕ್ಲೀನರ್‌ನಿಂದ ಇಂಜೆಕ್ಟರ್ ಮಾತ್ರ ಶುಚಿಯಾಗಬಹುದು. ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ) ಎಂಜಿನ್ ತಡವರಿಸಿದರೆ, ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಕಂಡರೆ, ಗಾಳಿ ಒಳಬರುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಶುಚಿ ಮಾಡಿಸಬೇಕಾಗುತ್ತದೆ. ಎಲ್ಲ ಸಣ್ಣ ಟರ್ಬೊಗಳೂ ಡೈರೆಕ್ಟ್ ಇಂಜೆಕ್ಷನ್‌ನವಲ್ಲ. ಮೊದಲು ನಿಮ್ಮದು ಯಾವುದೆಂದು ತಿಳಿದುಕೊಳ್ಳಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು ನೋಡಲು ಹೋಗುತ್ತಿದ್ದೇನೆ ಸರ್. ಏನೇನು ಗಮನಿಸಲಿ?

ಉತ್ತರ: ಎಂಜಿನ್ ತಣ್ಣಗಿರುವಾಗಲೇ ನಿಮ್ಮೆದುರು ಸ್ಟಾರ್ಟ್ ಮಾಡಲಿ ಎಂದು ಮೊದಲೇ ಹೇಳಿಡಿ. ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು, ಆಮೇಲೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಟರ್ಬೊದಿಂದ ಸಣ್ಣ ಶಿಳ್ಳೆ ಕೇಳಿಸುವುದು ಸಹಜ. ಆಂಬುಲೆನ್ಸ್ ಸೈರನ್‌ನಂತೆ ಏರುತ್ತ ಹೋಗುವ ಸದ್ದು ಬೇರಿಂಗ್ ಸವೆದಿರುವುದರ ಗುರುತು. ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪಿನ ಒಳಗೆ ಆಯಿಲ್‌ನ ತೆಳು ಪಸೆ ಇರುವುದು ಮಾಮೂಲು, ತೊಟ್ಟಿಕ್ಕುವಷ್ಟಿದ್ದರೆ ಬೇಡ. ಸರ್ವಿಸ್ ಬಿಲ್‌ಗಳಲ್ಲಿ ದಿನಾಂಕದ ಜೊತೆಗೆ ಆಯಿಲ್‌ನ ದರ್ಜೆಯನ್ನೂ ಬರೆದಿದ್ದಾರೆಯೇ ನೋಡಿ. ಶಕ್ತಿ ಹೆಚ್ಚಿಸಲು ಇಸಿಯು ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಪ್ರೋಗ್ರಾಂ ಬದಲಾವಣೆ) ಮಾಡಿಸಿದ್ದರೇ ಎಂದು ನೇರವಾಗಿ ಕೇಳಿ. ಮಾಡಿಸಿ ಮತ್ತೆ ಮೊದಲಿನಂತೆ ಮಾಡಿಸಿದ್ದೇವೆ ಎಂದರೂ ಆ ಕಾರನ್ನು ನಾನಾದರೆ ಕೊಳ್ಳುವುದಿಲ್ಲ.